ಆಳದಲ್ಲಿ ಲೆಕ್ಕವಿಡುವ ಗಡಿಯಾರ

ಕುನ್ನತ್ತೂರಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ನೂರೈವತ್ತು ಕಿಲೋಮೀಟರಿಗಿಂತ ದೂರ. ಆ ಕಡೆಯ ಜನರಿಗೆ ಆಳವಾದ ನೀರೆಂದರೆ ತೋಟದ ಬಾವಿಯೇ. ಕೊಂಗುನಾಡಿನ ಅಗಲವಾದ ತೆರೆದ ಬಾವಿಗಳಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಈಜು ಕಲಿತವರು ಕನ್ನಡ ಮಾತನಾಡುವ ನೇಕಾರ ಮನೆಗಳಲ್ಲೂ ಇದ್ದಾರೆ, ಒಕ್ಕಲು ಮನೆಗಳಲ್ಲೂ ಇದ್ದಾರೆ. ಅಂಥ ಮನೆಗಳ ಮಕ್ಕಳು ಈಗ ದುಬೈಯಲ್ಲೋ ಮಸ್ಕತ್ತಿನಲ್ಲೋ ಉದ್ಯೋಗದಲ್ಲಿದ್ದು, ರಜೆಯ ದಿನ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲಿಗಿಳಿಯುತ್ತಾರೆ. ಮಂಗಳೂರು, ಉಡುಪಿಯ ಮಕ್ಕಳ ಮಾತಂತೂ ಹೇಳುವುದೇ ಬೇಡ. ಅವರಲ್ಲೊಬ್ಬ ಫೋನಿನಲ್ಲಿ, "ಟೆಕ್ನಿಕಲ್ ಡೈವಿಂಗ್ ಕಲಿಯುತ್ತಿದ್ದೇನೆ, ಒಂದು ಡೈವ್ ಕಂಪ್ಯೂಟರ್ ಬೇಕು, ಸುಮಾರು ಸಾವಿರ ಡಾಲರ್" ಎಂದರೆ ಹೆತ್ತವರು ಗಾಬರಿಯಾಗುವುದು ಸಹಜ. ಕೈಗೆ ಕಟ್ಟುವ ಗಡಿಯಾರಕ್ಕೆ ಅಷ್ಟು ಹಣವೇ? ಅದರಲ್ಲೇನಿದೆ ಎಂದು ತಿಳಿದರೆ ಬೇಡವೆನ್ನಲೂ ಬೇಕೆನ್ನಲೂ ಕಾರಣ ಸಿಗುತ್ತದೆ.

ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಇಪ್ಪತ್ತು ಮೀಟರ್ ನೀರಿರುವ ಬಾವಿಯ ತಳದಲ್ಲಿ ಒತ್ತಡ ಮೇಲಿನದರ ಮೂರು ಪಟ್ಟು. ಒಂದೇ ಉಸಿರು ಹಿಡಿದು ಮುಳುಗಿ ಬರುವ ಹುಡುಗನಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಸಿಲಿಂಡರಿನ ಗಾಳಿಯನ್ನು ಅದೇ ಒತ್ತಡದಲ್ಲಿ ನಿಮಿಷಗಟ್ಟಲೆ ಉಸಿರಾಡಿದರೆ ಅದರ ಸಾರಜನಕ ರಕ್ತದಲ್ಲೂ ಕೊಬ್ಬಿನಲ್ಲೂ ಕರಗುತ್ತಾ ಹೋಗುತ್ತದೆ. ಅವಸರದಲ್ಲಿ ಮೇಲೆ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಅದು ಗುಳ್ಳೆಯಾಗುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು, ಸಾವೂ ಬರಬಹುದು.

ಇದಕ್ಕೆ ಮೊದಲು ಲೆಕ್ಕ ಕೊಟ್ಟವರು ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್. ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗ ಮಾಡಿ 1908ರಲ್ಲಿ ಅವರೂ ಸಂಗಡಿಗರೂ ಮೊದಲ ಕೋಷ್ಟಕಗಳನ್ನು ಪ್ರಕಟಿಸಿದರು. ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಅನಿಲ ಹೀರುವುದಿಲ್ಲವೆಂದು ಅವರು ಐದು ಬಗೆಯ ಅಂಗಾಂಶಗಳನ್ನು ಕಲ್ಪಿಸಿಕೊಂಡರು. ಜ್ಯೂರಿಕ್‌ನ ವೈದ್ಯ ಆಲ್ಬರ್ಟ್ ಬ್ಯೂಲ್‌ಮನ್ ಅದನ್ನು ಹದಿನಾರಕ್ಕೆ ಬೆಳೆಸಿದರು. 1983ರಲ್ಲಿ ಎಡ್ಜ್ ಎಂಬ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ ಕೋಷ್ಟಕದ ಜಾಗವನ್ನು ಮೆಲ್ಲಮೆಲ್ಲನೆ ಕಂಪ್ಯೂಟರ್ ಹಿಡಿಯಿತು. ಇಂದಿನ ಯಂತ್ರಗಳೂ ಮಾಡುವುದು ಇಷ್ಟೇ: ಕೆಲವು ಸೆಕೆಂಡುಗಳಿಗೊಮ್ಮೆ ಒತ್ತಡ ಅಳೆದು, ಹದಿನಾರು ಕಾಲ್ಪನಿಕ ಅಂಗಾಂಶಗಳಲ್ಲಿ ಎಷ್ಟೆಷ್ಟು ಅನಿಲ ಇದೆಯೆಂದು ಲೆಕ್ಕ ಹಾಕಿ, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ತೋರಿಸುವುದು.

ನೇತ್ರಾಣಿಗೆ ಬೇಡ, ಅರುವತ್ತು ಮೀಟರಿಗೆ ಬೇಕು

ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪವನ್ನು 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ'ಯಲ್ಲಿ ಎಷ್ಟೋ ಮನೆಗಳವರು ನೋಡಿದ್ದಾರೆ. ಅಲ್ಲಿ ಮೊದಲ ಸಲ ನೀರಿಗಿಳಿಯುವವರು ತರಬೇತುದಾರನ ಕೈ ಹಿಡಿದು ಕಡಿಮೆ ಆಳದಲ್ಲೇ ಮೀನು ನೋಡಿ ಬರುತ್ತಾರೆ. ಅವರು ಸ್ವಂತ ಯಂತ್ರ ಕೊಳ್ಳಬೇಕಿಲ್ಲ. ಮುಂದೆ ಹವ್ಯಾಸವಾಗಿ ಮುಂದುವರಿಸುವವರಿಗೂ ಇನ್ನೂರು ಮುನ್ನೂರು ಡಾಲರಿನ ಸಾಮಾನ್ಯ ಯಂತ್ರ ಧಾರಾಳವಾಗಿ ಸಾಕು. ಹದಿನೆಂಟು ಮೀಟರಿನಲ್ಲಿ ಸುಮಾರು ಒಂದು ಗಂಟೆ, ನಲವತ್ತು ಮೀಟರಿನಲ್ಲಿ ಹತ್ತು ನಿಮಿಷದ ಆಸುಪಾಸು ಇದ್ದು ನೇರವಾಗಿ ಮೇಲೆ ಬರಬಹುದು. ಆ ಗಡಿಯೊಳಗೇ ಇರುವವರ ಯಂತ್ರ ಅದು.

ಆ ಗಡಿಯನ್ನು ತಿಳಿದೂ ದಾಟುವುದೇ ಟೆಕ್ನಿಕಲ್ ಡೈವಿಂಗ್. ದುಬೈಯಲ್ಲಿ 2021ರಲ್ಲಿ ತೆರೆದ ಡೀಪ್ ಡೈವ್ ಕೊಳದ ಆಳ ಅರುವತ್ತು ಮೀಟರ್. ಅದರ ತಳದಲ್ಲಿ ಒತ್ತಡ ಏಳು ಪಟ್ಟು. ಅಲ್ಲಿ ಬರಿಯ ಗಾಳಿ ಉಸಿರಾಡಿದರೆ ಸಾರಜನಕದ ಅಮಲು ಏರುತ್ತದೆ. ಆಮ್ಲಜನಕದ ಒತ್ತಡವೂ ಸಾಮಾನ್ಯವಾಗಿ ಒಪ್ಪಿರುವ 1.4 ಬಾರ್ ಮಿತಿಯನ್ನು ದಾಟುತ್ತದೆ. ಆದ್ದರಿಂದ ಹೀಲಿಯಂ ಬೆರೆಸಿದ ಟ್ರೈಮಿಕ್ಸ್ ಬೇಕು. ಮೇಲೆ ಬರುವಾಗ ಇಪ್ಪತ್ತೊಂದು ಮೀಟರಿನಲ್ಲಿ ಅರ್ಧದಷ್ಟು ಆಮ್ಲಜನಕವಿರುವ ಸಿಲಿಂಡರ್, ಆರು ಮೀಟರಿನಲ್ಲಿ ಶುದ್ಧ ಆಮ್ಲಜನಕ. ಹೀಗೆ ಮೂರು ನಾಲ್ಕು ಅನಿಲಗಳನ್ನು ಬದಲಿಸುತ್ತಾ ನಿಲ್ದಾಣದಿಂದ ನಿಲ್ದಾಣಕ್ಕೆ ಬರಬೇಕು. ಮಧ್ಯೆ ಏನಾದರೂ ಕೆಟ್ಟರೂ ನೆಟ್ಟಗೆ ಮೇಲೆ ಬರುವಂತಿಲ್ಲ.

ಆದಕಾರಣ ಮೊದಲು ನೋಡಬೇಕಾದದ್ದು ಯಂತ್ರ ಟ್ರೈಮಿಕ್ಸ್ ಒಪ್ಪುತ್ತದೆಯೇ, ಎಷ್ಟು ಅನಿಲಗಳನ್ನು ಇಟ್ಟುಕೊಳ್ಳುತ್ತದೆ ಎಂಬುದು. ನೈಟ್ರಾಕ್ಸ್ ಮಾತ್ರ ಬಲ್ಲ ಯಂತ್ರ ಇಲ್ಲಿ ಉಪಯೋಗಕ್ಕೆ ಬಾರದು. ಎರಡನೆಯದು ಇನ್ನೂ ಮುಖ್ಯ. ಹವ್ಯಾಸಿಗಳ ಯಂತ್ರಗಳಲ್ಲಿ ಅನೇಕವು, ನಿಲ್ದಾಣ ತಪ್ಪಿಸಿದವನಿಗೆ ಶಿಕ್ಷೆಯೆಂಬಂತೆ ಒಂದೆರಡು ದಿನ ಲೆಕ್ಕ ಕೊಡುವುದನ್ನೇ ನಿಲ್ಲಿಸುತ್ತವೆ. ದಡದಲ್ಲಿ ಅದು ಒಳ್ಳೆಯ ಶಿಸ್ತೇ ಇರಬಹುದು. ಆದರೆ ತೊಂದರೆಗೆ ಸಿಕ್ಕಿ ಇನ್ನೂ ನೀರಿನಲ್ಲೇ ಇರುವವನಿಗೆ ಬೇಕಾದದ್ದು ಈಗಿನ ಲೆಕ್ಕ. ಟೆಕ್ನಿಕಲ್ ಯಂತ್ರ ಎಚ್ಚರಿಸುತ್ತದೆ, ಆದರೆ ಕೈಬಿಡುವುದಿಲ್ಲ.

ಮೂರನೆಯದು ಲೆಕ್ಕದ ಸೂತ್ರ. ಕೆನಡಾದ ಶಿಯರ್‌ವಾಟರ್ ಕಂಪನಿಯ ಪರ್ಡಿಕ್ಸ್, ಟೆರಿಕ್ ಮತ್ತು ಗಾರ್ಮಿನ್‌ನ ಡಿಸೆಂಟ್ ಯಂತ್ರಗಳು ಬ್ಯೂಲ್‌ಮನ್ ಸೂತ್ರವನ್ನು ಗ್ರೇಡಿಯಂಟ್ ಫ್ಯಾಕ್ಟರ್ ಎಂಬ ಎರಡು ಅಂಕಿಗಳೊಂದಿಗೆ ಬಳಸುತ್ತವೆ. ಸಹಿಸಬಲ್ಲ ಮಿತಿಯ ಶೇಕಡಾ ಎಷ್ಟರವರೆಗೆ ಹೋಗಬಹುದು ಎಂಬುದೇ ಈ ಅಂಕಿ. 30/70 ಎಂದಿದ್ದರೆ ಮೊದಲನೆಯದು ಮೊದಲ ನಿಲ್ದಾಣ ಎಷ್ಟು ಆಳದಲ್ಲಿರಬೇಕೆಂದೂ ಎರಡನೆಯದು ನೀರಿನಿಂದ ಹೊರಬರುವಾಗ ಎಷ್ಟು ಅನಿಲ ಉಳಿದಿರಬಹುದೆಂದೂ ನಿರ್ಧರಿಸುತ್ತದೆ. ಸೂತ್ರ ಬಹಿರಂಗವಾದದ್ದು, ಅಂಕಿ ನಮ್ಮ ಕೈಯಲ್ಲಿರುತ್ತದೆ. ಫಿನ್ಲೆಂಡಿನ ಸುಂಟೊ ಬಹುಕಾಲ ನೆಚ್ಚಿಕೊಂಡಿದ್ದ ಆರ್‌ಜಿಬಿಎಮ್ ಸೂತ್ರದ ಒಳಗುಟ್ಟು ಬಳಸುವವನಿಗೆ ಅಷ್ಟು ತೆರೆದಿಲ್ಲ.

ಇದು ಪಂಡಿತರ ಜಗಳವಲ್ಲ. ಆಳದಲ್ಲೇ ಮೊದಲು ನಿಂತರೆ ಗುಳ್ಳೆ ಕಡಿಮೆಯೆಂದು ಒಂದು ಕಾಲದಲ್ಲಿ ಬಹಳ ಮಂದಿ ನಂಬಿದ್ದರು. ಅಮೆರಿಕದ ನೌಕಾಪಡೆ 52 ಮೀಟರಿನಲ್ಲಿ ಮೂವತ್ತು ನಿಮಿಷದ ಮುಳುಗುವಿಕೆಯನ್ನು, ಒಟ್ಟು ನಿಲುಗಡೆಯ ಸಮಯ ಒಂದೇ ಇಟ್ಟು, ಎರಡು ರೀತಿಯಲ್ಲಿ ಪರೀಕ್ಷಿಸಿತು. 2011ರ ವರದಿಯಂತೆ ಆಳದ ನಿಲ್ದಾಣಗಳ ವಿಧಾನದಲ್ಲಿ 198ರಲ್ಲಿ 10 ಸಲ ರೋಗ ಕಾಣಿಸಿತು. ಮೇಲಿನ ನಿಲ್ದಾಣಗಳ ವಿಧಾನದಲ್ಲಿ 192ರಲ್ಲಿ 3 ಸಲ. ಆಮೇಲೆ ಅನೇಕರು ಮೊದಲ ಅಂಕಿಯನ್ನು ಏರಿಸಿಕೊಂಡರು. ಅಂಕಿ ಬದಲಿಸಲು ಬಿಡದ ಯಂತ್ರ ಕೊಂಡವರು ಏನು ಮಾಡಬೇಕಿತ್ತು?

ಬ್ಯಾಟರಿಯ ವಿಷಯದಲ್ಲಿ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಪರ್ಡಿಕ್ಸ್ ಅಂಗಡಿಯಲ್ಲಿ ಸಿಗುವ ಸಾಧಾರಣ ಎಎ ಸೆಲ್ ಒಂದರಿಂದ ನಡೆಯುತ್ತದೆ. ಟೆರಿಕ್ ಮತ್ತು ಡಿಸೆಂಟ್ ಕೈಗಡಿಯಾರದ ರೂಪದಲ್ಲಿ ಚೆಂದ, ಕಚೇರಿಗೂ ಕಟ್ಟಿಕೊಂಡು ಹೋಗಬಹುದು, ಆದರೆ ಚಾರ್ಜ್ ಮಾಡಬೇಕು. ದೋಣಿಯಲ್ಲಿ, ದ್ವೀಪದಲ್ಲಿ, ಕರೆಂಟ್ ಹೋದ ವಸತಿಗೃಹದಲ್ಲಿ ಸೆಲ್ ಬದಲಿಸುವ ಯಂತ್ರವೇ ಲೇಸು. ಪರದೆ ದೊಡ್ಡದಿರುವುದೂ ಲಾಭ. ನಲವತ್ತು ದಾಟಿದ ಕಣ್ಣಿಗೆ ಮಬ್ಬು ನೀರಿನಲ್ಲಿ ಸಣ್ಣ ಅಂಕಿ ಕಾಣುವುದಿಲ್ಲ. ಸಿಲಿಂಡರಿನ ಒತ್ತಡವನ್ನು ನಿಸ್ತಂತುವಾಗಿ ತೋರಿಸುವ ಸೌಕರ್ಯ, ದಿಕ್ಸೂಚಿ, ಬಣ್ಣಗಳು ಇದ್ದರೆ ಇರಲಿ. ಅವುಗಳಿಗಾಗಿಯೇ ಹಣ ಸುರಿಯಬೇಕಿಲ್ಲ.

ಆ ಹಣ ಎರಡನೆಯ ಯಂತ್ರಕ್ಕಿರಲಿ. ಟೆಕ್ನಿಕಲ್ ಡೈವಿಂಗಿನಲ್ಲಿ ಒಂದು ಕೆಟ್ಟರೆ ಇನ್ನೊಂದು ಬೇಕೇ ಬೇಕು, ಅದೂ ಅದೇ ಸೂತ್ರದ್ದು, ಅದೇ ಅಂಕಿಗಳದ್ದು. ಬೇರೆ ಬೇರೆ ಸೂತ್ರದ ಎರಡು ಯಂತ್ರಗಳು ಆಳದಲ್ಲಿ ಎರಡು ಮಾತು ಹೇಳಿದರೆ ಯಾರನ್ನು ನಂಬುವುದು? ಬಳಸಿದ ಹಳೆಯ ಮಾದರಿಯೂ ಇದಕ್ಕೆ ಆದೀತು. ಗೆಳೆಯರಿಬ್ಬರು ಒಂದನ್ನೇ ಹಂಚಿಕೊಳ್ಳುವುದು ಮಾತ್ರ ಸಲ್ಲದು, ಯಂತ್ರ ಅಳೆಯುವುದು ತಾನಿದ್ದ ಆಳವನ್ನೇ.

ಯಂತ್ರಕ್ಕೆ ತಿಳಿಯದ ಸಂಗತಿಗಳು

ಹಿಂದಿನ ರಾತ್ರಿ ನಿದ್ದೆಯಾಗಿದೆಯೇ, ನೀರು ಕುಡಿದಿದ್ದೀರೇ, ಚಳಿಯಲ್ಲಿ ನಡುಗುತ್ತಿದ್ದೀರೇ ಎಂಬುದು ಅದಕ್ಕೆ ಗೊತ್ತಿಲ್ಲ. ಸಿಲಿಂಡರಿನಲ್ಲಿ ನಿಜವಾಗಿ ಏನಿದೆಯೆಂದೂ ತಿಳಿಯದು. ನಾವು ಬರೆದದ್ದನ್ನೇ ನಂಬುತ್ತದೆ. ಉಪ್ಪುನೀರಿಗೆ ಹೊಂದಿಸಿದ ಯಂತ್ರವನ್ನು ದುಬೈಯ ಸಿಹಿನೀರಿನ ಕೊಳಕ್ಕೆ ಒಯ್ದರೆ ಅರುವತ್ತು ಮೀಟರಿಗೆ 58ರ ಆಸುಪಾಸು ತೋರಿಸುತ್ತದೆ. ಅದಕ್ಕೆ ಹೆದರಬೇಕಿಲ್ಲ, ಲೆಕ್ಕ ನಡೆಯುವುದು ಒತ್ತಡದ ಮೇಲೆ.

ಹೆದರಬೇಕಾದದ್ದು ಮರಳುವ ದಾರಿಗೆ. ಡೈವಿಂಗ್ ಮುಗಿಸಿ ವಿಮಾನ ಹತ್ತಲು ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕೆಂದು ಸಲಹೆಯಿದೆ. ನಿಲ್ದಾಣಗಳಿರುವ ಮುಳುಗುವಿಕೆಗೆ ಇನ್ನೂ ಹೆಚ್ಚು. ಇದನ್ನು ಎಲ್ಲರೂ ಬಲ್ಲರು. ಆದರೆ ಘಾಟಿ ರಸ್ತೆಯನ್ನು ಮರೆಯುತ್ತಾರೆ. ವಿಮಾನದ ಒಳಗಿನ ಗಾಳಿ ಹೆಚ್ಚೆಂದರೆ ಸುಮಾರು 2400 ಮೀಟರ್ ಎತ್ತರದ ಗಾಳಿಗೆ ಸಮ. ಊಟಿಯ ಎತ್ತರ ಸುಮಾರು 2240 ಮೀಟರ್. ಕೇರಳದ ಕರಾವಳಿಯಲ್ಲಿ ಮುಳುಗಿ ಅದೇ ಸಂಜೆ ಕುಟುಂಬದೊಡನೆ ಊಟಿಗೆ ಹೋದರೆ ಅದು ಹೆಚ್ಚುಕಡಿಮೆ ವಿಮಾನ ಹತ್ತಿದಂತೆಯೇ. ಬೆಂಗಳೂರು ಕೂಡ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಮುರುಡೇಶ್ವರದಿಂದ ರಾತ್ರಿ ಬಸ್ಸು ಹಿಡಿಯುವವರು ಇದನ್ನು ನೆನಪಿಡಬೇಕು. ಅನೇಕ ಯಂತ್ರಗಳಲ್ಲಿ ವಿಮಾನದ ಚಿತ್ರವೊಂದು ಉಳಿದ ಗಂಟೆಗಳನ್ನು ತೋರಿಸುತ್ತದೆ. ಘಾಟಿಗೂ ಅದನ್ನೇ ನೋಡಿಕೊಳ್ಳಬಹುದು.

ಕೊಳ್ಳುವ ಮುನ್ನ ತರಬೇತಿ ಕೇಂದ್ರದಲ್ಲಿ ಒಂದೆರಡು ಮಾದರಿಗಳನ್ನು ಬಾಡಿಗೆಗೆ ಪಡೆದು, ಕೈಗವಸು ತೊಟ್ಟು ಗುಂಡಿ ಒತ್ತಿ ನೋಡಲು ಮಗನಿಗೆ ಹೇಳಿ. ವಾರಂಟಿ ಯಾವ ದೇಶದಲ್ಲಿ ನಡೆಯುತ್ತದೆ, ರಿಪೇರಿಗೆ ಎಲ್ಲಿಗೆ ಕಳುಹಿಸಬೇಕು ಎಂದು ಕೇಳಿಸಿ. ಜೊತೆಗೆ ಡೈವಿಂಗ್ ವಿಮೆಯಿದೆಯೇ, ಹತ್ತಿರದ ಒತ್ತಡ ಚಿಕಿತ್ಸಾ ಕೋಣೆ ಎಲ್ಲಿದೆ, ದೋಣಿಯಲ್ಲಿ ಶುದ್ಧ ಆಮ್ಲಜನಕ ಇಟ್ಟಿರುತ್ತಾರೆಯೇ ಎಂಬ ಮೂರು ಪ್ರಶ್ನೆಗಳನ್ನೂ ಫೋನಿನಲ್ಲೇ ಕೇಳಿಬಿಡಿ.