ಪಾಚಿಗೂ ಬೇಕು ಬಿ12

ಯಡೂರಿನಲ್ಲಿ ವೀರಭದ್ರನ ದರ್ಶನ ಮುಗಿಸಿ ಪರಿಚಯದ ರೈತರೊಬ್ಬರ ಕಬ್ಬಿನ ಹೊಲಕ್ಕೆ ಹೋಗಿದ್ದೆ. ಬೋರಿನ ಪಕ್ಕ ಎರಡು ಸಿಮೆಂಟ್ ತೊಟ್ಟಿ. ಒಂದರ ನೀರು ತಿಳಿಹಸಿರು. ಇನ್ನೊಂದರಲ್ಲಿ ಕೈ ಅದ್ದಿದರೆ ಬೆರಳೇ ಕಾಣದು. “ಕಬ್ಬಿನ ಬೀಜ ಅದ್ದಿದ ಅಜೋಸ್ಪಿರಿಲಂ ಉಳದಿತ್ರಿ. ಚೆಲ್ಲೂದ್ಯಾಕ ಅಂತ ಇದ್ರಾಗ ಸುರುವಿದೆ. ಎಂಟ್ ದಿನದಾಗ ಹೆಂಗ ಆಗೇತಿ ನೋಡ್ರಿ!”

ಅವರ ಉತ್ಸಾಹಕ್ಕೆ ತಲೆದೂಗಿದರೂ ಒಳಗೊಳಗೆ ನಂಬಿಕೆ ಬರಲಿಲ್ಲ. ಆ ಬ್ಯಾಕ್ಟೀರಿಯ ಗೊಬ್ಬರದ ದ್ರಾವಣಕ್ಕೆ ಬೆಲ್ಲ, ಸಗಣಿಯನ್ನೂ ಕಲಸಿದ್ದರು. ಗೊಬ್ಬರ ಬಿದ್ದ ನೀರು ಹಸಿರಾಗುವುದು ಯಾವ ಸೋಜಿಗ?

ಆದರೆ ಮೆಕ್ಸಿಕೋದ ಲಾ ಪಾಜ್‌ನಲ್ಲಿ ವಿಜ್ಞಾನಿಗಳಾದ ಯೋಆವ್ ಬಶಾನ್, ಲುಜ್ ದೆ-ಬಶಾನ್ ಅವರ ತಂಡ ವರ್ಷಗಟ್ಟಲೆ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಕಡಲಕಳೆಯ ಆಲ್ಜಿನೇಟ್‌ನಿಂದ ಬೆಂದ ಸಾಬಕ್ಕಿಯಂಥ ಮಣಿಗಳನ್ನು ಮಾಡಿ, ಒಳಗೆ ಕ್ಲೋರೆಲ್ಲಾ ಪಾಚಿಯನ್ನೂ ಅಜೋಸ್ಪಿರಿಲಂ ಬ್ಯಾಕ್ಟೀರಿಯವನ್ನೂ ಕೂಡಿಹಾಕಿದರು. ಜೊತೆ ಸಿಕ್ಕ ಪಾಚಿ ಒಂಟಿ ಪಾಚಿಗಿಂತ ಚೆನ್ನಾಗಿ ಬೆಳೆಯಿತು. ಅದರ ಹಸಿರೂ ಕೊಬ್ಬೂ ಹೆಚ್ಚಿದವು. ಮುಖ್ಯ ಕಾರಣ ಇಂಡೋಲ್ ಅಸಿಟಿಕ್ ಆಮ್ಲ. ಬೆಳೆಯ ಬೇರು ಕವಲೊಡೆಸುವ ಅದೇ ಹಾರ್ಮೋನ್ ಬೇರೇ ಇಲ್ಲದ ಪಾಚಿಗೂ ಹಿಡಿಸಿತು.

ನನ್ನನ್ನು ಇದಕ್ಕಿಂತ ಹೆಚ್ಚು ಮರುಳು ಮಾಡಿದ್ದು ಬಿ12 ಕಥೆ. ಕೈಕಾಲು ಜೋಮು ಎಂದು ಹೋದ ಸಸ್ಯಾಹಾರಿಗಳಿಗೆ ಡಾಕ್ಟರು ಬರೆದುಕೊಡುವುದು ಇದೇ ವಿಟಮಿನ್. ಗಿಡವಾಗಲಿ ಪ್ರಾಣಿಯಾಗಲಿ ಇದನ್ನು ತಯಾರಿಸಲಾರವು; ಬ್ಯಾಕ್ಟೀರಿಯದಂಥ ಸೂಕ್ಷ್ಮಜೀವಿಗಳಿಗೆ ಮಾತ್ರ ಆ ವಿದ್ಯೆ ಗೊತ್ತು. 2005ರಲ್ಲಿ ಕೇಂಬ್ರಿಜ್‌ನ ಆಲಿಸನ್ ಸ್ಮಿತ್ ತಂಡ ‘ನೇಚರ್’ನಲ್ಲಿ ಲೆಕ್ಕ ಕೊಟ್ಟಿತು: 326 ಬಗೆಯ ಪಾಚಿಗಳಲ್ಲಿ 171ಕ್ಕೆ ಹೊರಗಿನ ಬಿ12 ಬೇಕೇ ಬೇಕು. ಬಿಸಿಲಿದ್ದರೆ ಸಾಕು, ಯಾರ ಹಂಗೂ ಇಲ್ಲ ಎಂದು ನಾವು ತಿಳಿದಿದ್ದ ಪಾಚಿಯ ಬದುಕು ಹೀಗೆ! 2012ರಲ್ಲಿ ಅದೇ ತಂಡ ಲೋಬೊಮೊನಾಸ್ ಎಂಬ ಪಾಚಿಗೆ ದ್ವಿದಳ ಗಿಡದ ಬೇರುಗಂಟಿನ ಬ್ಯಾಕ್ಟೀರಿಯವೊಂದನ್ನು ಜೊತೆಮಾಡಿತು. ನಮ್ಮ ಸೋಯಾ ಬೀಜಕ್ಕೆ ಹಚ್ಚುವ ರೈಜೋಬಿಯಂನ ನೆಂಟ ಅದು. ಬ್ಯಾಕ್ಟೀರಿಯ ಬಿ12 ಕೊಟ್ಟಿತು, ಪಾಚಿ ಬಿಸಿಲಲ್ಲಿ ದುಡಿದ ಇಂಗಾಲದಲ್ಲಿ ಪಾಲು ಕೊಟ್ಟಿತು. ಲಾವಣಿ ಒಪ್ಪಂದವೂ ಇಷ್ಟು ಚೊಕ್ಕವಿರುವುದಿಲ್ಲ.

ಹಳೆಯ ಸಂಗತಿಯೂ ಇದೆ. ಕ್ಯಾಲಿಫೋರ್ನಿಯಾದ ವಿಲಿಯಂ ಓಸ್ವಾಲ್ಡ್ 1950ರ ದಶಕದಲ್ಲೇ ಚರಂಡಿ ನೀರಿನ ಹೊಂಡಗಳಲ್ಲಿ ಪಾಚಿ, ಬ್ಯಾಕ್ಟೀರಿಯ ಎರಡನ್ನೂ ದುಡಿಸಿಕೊಂಡಿದ್ದರು: ಪಾಚಿಯ ಆಮ್ಲಜನಕ ಬ್ಯಾಕ್ಟೀರಿಯಕ್ಕೆ, ಬ್ಯಾಕ್ಟೀರಿಯದ ಇಂಗಾಲದ ಡೈಆಕ್ಸೈಡ್ ಪಾಚಿಗೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಬೆಳೆಸಿದ ಸ್ಪಿರುಲಿನಾ ಎಂಬ ಪಾಚಿಯ ದಾರಿಯೇ ಬೇರೆ. ಅದು ತಿನ್ನುವ ಪದಾರ್ಥ. ಬೇರೆ ಜೀವಿಗಳು ಸುಳಿಯದಿರಲೆಂದು ನೀರಿಗೆ ಸೋಡಾ ಬೆರೆಸಿ ಕ್ಷಾರ ಮಾಡುತ್ತಾರೆ. ತಮಾಷೆಯೆಂದರೆ ಸ್ಪಿರುಲಿನಾ ಸ್ವತಃ ಬ್ಯಾಕ್ಟೀರಿಯ ಕುಲದ್ದು.

ಪ್ರಯೋಗಾಲಯದ ಈ ಸ್ನೇಹ ಬಯಲಿನ ಹೊಂಡದಲ್ಲೂ ಲಾಭ ಕೊಡುತ್ತದೆಂದು ಈಗಲೇ ಕುಣಿಯಬೇಕಿಲ್ಲ. ಅಲ್ಲಿ ಪಾಚಿ ಮೇಯುವ ಹುಳುಗಳಿವೆ, ಹೊಂಚುಹಾಕುವ ಬೇರೆ ಬ್ಯಾಕ್ಟೀರಿಯಗಳಿವೆ. ಕೆಲವು ನೀಲಿ-ಹಸಿರು ಪಾಚಿಗಳ ವಿಷಕ್ಕೆ ದನಕರು ಸತ್ತದ್ದೂ ಉಂಟು. ಅಂಥ ನೀರನ್ನು ಕುಡಿಸಬೇಡಿ.

ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳಿಗೆ ಇದು ಹೇಳಿ ಮಾಡಿಸಿದ ಪ್ರಾಜೆಕ್ಟ್. ಒಂದೇ ಹಸಿರು ನೀರನ್ನು ಮೂರು ಬ್ಯಾರಲ್‌ಗೆ ತುಂಬಿ. ಒಂದಕ್ಕೆ ಏನೂ ಹಾಕಬೇಡಿ, ಒಂದಕ್ಕೆ ಜೀವಂತ ಅಜೋಸ್ಪಿರಿಲಂ, ಇನ್ನೊಂದಕ್ಕೆ ಅಷ್ಟೇ ಅಳತೆಯ, ಕುದಿಸಿ ಸಾಯಿಸಿದ ಅಜೋಸ್ಪಿರಿಲಂ ಹಾಕಿ. ವಾರಕ್ಕೊಮ್ಮೆ ಒಂದೊಂದು ಲೀಟರ್ ಸೋಸಿ, ಒಣಗಿಸಿ, ತೂಗಿ, ಬಂದ ಅಂಕಿಯನ್ನು ಯಡೂರಿನ ರೈತರಿಗೂ ತಿಳಿಸಿ.