ಬೆಳೆಗೆ ಬೇಕಾಗುವ ನೀರೆಷ್ಟು?

ಕೊಯಾಲಿಯಲ್ಲಿ ನಾಲ್ಕು ಕನ್ನಡ ಮನೆಗಳವರು ಒಂದೆಡೆ ಸೇರಿದರೆ ಮಾತು ಎಲ್ಲಿಂದ ಹೊರಟರೂ ಮಳೆಗಾಲದಲ್ಲಿ ಊರಿಗೇ ಹೋಗಿ ನಿಲ್ಲುವುದು. ರಾಯಚೂರಿನ ಕಡೆಯವರಿಗೆ ತುಂಗಭದ್ರೆಯ ಚಿಂತೆ, ಮಂಡ್ಯದವರಿಗೆ ಕನ್ನಂಬಾಡಿಯದು. ನಾವು ಇಲ್ಲಿ ಸಂಬಳಕ್ಕೆ ದುಡಿಯುವವರಾದರೂ ಊರಿನ ನಾಲ್ಕೆಂಟು ಎಕರೆ ಹೊಲ ಅಣ್ಣತಮ್ಮಂದಿರ ಕೈಯಲ್ಲಿ ಇನ್ನೂ ಉಂಟಷ್ಟೆ! ಜಲಾಶಯ ತುಂಬಿತೆಂದು ಓದಿ ಹಿಗ್ಗಿದ ವರ್ಷವೇ, “ನಮ್ಮ ತೂಬಿಗೆ ನೀರು ಬರಲಿಲ್ಲ” ಎಂದು ಊರಿನಿಂದ ಫೋನು ಬರುವುದೂ ಉಂಟು. ತುಂಬಿದ ಜಲಾಶಯದ ಕೆಳಗೆ ಒಣಗಿದ ಹೊಲವಿರುವುದು ಹೇಗೆ? ಇದು ತಿಳಿಯಬೇಕಾದರೆ ಒಂದು ಬೆಳೆಗೆ ನೀರೆಷ್ಟು ಬೇಕು, ಅದನ್ನು ಎಣಿಸುವ ಬಗೆ ಯಾವುದು ಎಂಬಲ್ಲಿಂದ ಹೊರಡಬೇಕು.

ಪೈರು ಬೇರಿನಿಂದ ಹೀರಿದ ನೀರಿನಲ್ಲಿ ಬಹುಪಾಲನ್ನು ಎಲೆಗಳ ಮೂಲಕ ಆವಿಯಾಗಿ ಬಿಟ್ಟುಬಿಡುತ್ತದೆ. ಮಣ್ಣಿನ ಮೇಲಿನಿಂದಲೂ ಆವಿ ಏಳುತ್ತದೆ. ಇವೆರಡೂ ಸೇರಿದುದೇ ಬೆಳೆಯ ನಿಜವಾದ ಖರ್ಚು. ಈ ಖರ್ಚು ಯಾವುದರ ಮೇಲೆ ನಿಂತಿದೆಯೆಂಬುದು ನಮ್ಮ ಗೃಹಿಣಿಯರಿಗೆ ಚೆನ್ನಾಗಿ ಗೊತ್ತು. ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಹರವಿದ ಸೀರೆ ನೋಡನೋಡುತ್ತ ಒಣಗುತ್ತದೆ; ಅದೇ ಸೀರೆ ಆಗಸ್ಟಿನಲ್ಲಿ ಸಂಜೆಯವರೆಗೂ ಹಸಿಯಾಗಿಯೇ ಇರುತ್ತದೆ. ಬಿಸಿಲು, ಗಾಳಿ, ಸೆಕೆ, ಗಾಳಿಯಲ್ಲಿನ ತೇವ ಇವು ನಾಲ್ಕೇ ಕಾರಣ. ಇವನ್ನು ಒಂದು ಸೂತ್ರದಲ್ಲಿ ಹೊಂದಿಸಿದವರು ಇಂಗ್ಲೆಂಡಿನ ಪೆನ್‌ಮನ್, ಅದು 1948ರಲ್ಲಿ. ಅದನ್ನೇ ತಿದ್ದಿ ಬೆಳೆಸಿದ ಕ್ರಮವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಪ್ರಕಟಿಸಿತು. ಹನ್ನೆರಡು ಸೆಂಟಿಮೀಟರ್ ಎತ್ತರದ ಹಸುರು ಹುಲ್ಲು ದಿನಕ್ಕೆಷ್ಟು ನೀರನ್ನು ಆವಿಮಾಡೀತೆಂಬುದು ಅದರ ಅಳತೆಗೋಲು.

ಸೂತ್ರ ಬೇಡವೆಂದರೆ ಸುಲಭದ ದಾರಿಯೂ ಇದೆ. ಹವಾಮಾನ ಕೇಂದ್ರಗಳಲ್ಲಿ ನಾಲ್ಕಡಿ ಅಗಲ, ಹತ್ತಂಗುಲ ಆಳದ ಲೋಹದ ತೊಟ್ಟಿಯಲ್ಲಿ ನೀರಿಟ್ಟು, ಅದು ದಿನಕ್ಕೆಷ್ಟು ಇಳಿಯಿತೆಂದು ಅಳೆಯುತ್ತಾರೆ. ಒಂದು ಬೇಸಿಗೆಯಲ್ಲಿ ನಾವೂ ಹಿಟ್ಟು ನಾದುವ ಪರಾತವನ್ನು ಮಾಳಿಗೆಯ ಮೇಲಿಟ್ಟು, ಮಕ್ಕಳ ಅಳತೆಪಟ್ಟಿ ಹಿಡಿದು ಈ ಪ್ರಯೋಗ ಮಾಡಲು ಹೋದೆವು. ಕಾಗೆ ಪಾರಿವಾಳಗಳು ಕುಡಿದುಹೋಗಿ ಲೆಕ್ಕವೆಲ್ಲ ಕೆಟ್ಟಿತು. ಕೇಂದ್ರಗಳ ತೊಟ್ಟಿಗೆ ತಂತಿಯ ಬಲೆ ಏಕಿರುತ್ತದೆಂಬುದು ಆಗ ಅರ್ಥವಾಯಿತು.

ಇನ್ನು ಲೆಕ್ಕ. ಚಳಿಗಾಲದ ಒಂದು ದಿನ ತೊಟ್ಟಿಯ ನೀರು 5 ಮಿಲಿಮೀಟರ್ ಇಳಿಯಿತೆನ್ನಿ. ಬಯಲಿನಲ್ಲಿಟ್ಟ ಲೋಹದ ತೊಟ್ಟಿ ಹುಲ್ಲಿಗಿಂತ ಹೆಚ್ಚು ಆವಿಮಾಡುವುದರಿಂದ ಸಾಮಾನ್ಯವಾಗಿ ಅದರ 0.7 ಪಾಲನ್ನು ಹಿಡಿಯುತ್ತಾರೆ. ಮೂರೂವರೆ ಮಿಲಿಮೀಟರ್ ಆಯಿತು. ಆಮೇಲೆ ಬೆಳೆಯ ವಯಸ್ಸನ್ನು ನೋಡಬೇಕು. ಗೋಧಿ ಮೊಳಕೆಯೊಡೆದಾಗ ಹುಲ್ಲಿನ ಮೂರರಲ್ಲೊಂದು ಪಾಲು ಸಾಕು. ತುಂಬು ಪ್ರಾಯದಲ್ಲಿ 1.15 ಪಾಲು ಬೇಕು. ಕಾಳು ಬಲಿತು ಒಣಗುವಾಗ ಮತ್ತೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ತುಂಬು ಪ್ರಾಯದ ಗೋಧಿಯೆಂದರೆ ಆ ದಿನದ ಖರ್ಚು ನಾಲ್ಕು ಮಿಲಿಮೀಟರ್. ಇದು ಬೆರಳ ಉಗುರಿನ ಅರ್ಧದಷ್ಟೂ ಇಲ್ಲ! ಆದರೆ ಒಂದು ಎಕರೆಗೆ ಅಷ್ಟು ನೀರೆಂದರೆ 16,000 ಲೀಟರ್: ಇನ್ನೂರು ಲೀಟರಿನ ಪೀಪಾಯಿಗಳಲ್ಲಿ ಎಂಬತ್ತು, ಪ್ರತಿದಿನ.

ಬಿದ್ದ ಮಳೆಯಲ್ಲಿ ಬೇರಿಗೆ ದಕ್ಕಿದಷ್ಟನ್ನು ಇದರಿಂದ ಕಳೆಯಬೇಕು. ಕಾಲುವೆಯಲ್ಲಿ ಇಂಗಿ, ಸೋರಿ, ಹೊಲದಲ್ಲಿ ಹೆಚ್ಚಾಗಿ ಹರಿದುಹೋಗುವುದನ್ನು ಕೂಡಿಸಬೇಕು. ಬಿಟ್ಟ ನೀರಿನಲ್ಲಿ ಅರ್ಧ ಮಾತ್ರ ಬೇರಿಗೆ ಮುಟ್ಟುವುದಾದರೆ ನಾಲ್ಕು ಮಿಲಿಮೀಟರಿಗಾಗಿ ಎಂಟನ್ನು ಬಿಡಬೇಕಾಗುವುದು.

ಇಡೀ ಬೆಳೆಗಾಲಕ್ಕೆ ಎಣಿಸಿದರೆ ಜೋಳ, ಗೋಧಿಗಳಿಗೆ ಸುಮಾರು 450ರಿಂದ 650 ಮಿಲಿಮೀಟರ್, ಹತ್ತಿಗೆ 700ರಿಂದ 1,300, ಕಬ್ಬಿಗೆ 1,500ರಿಂದ 2,500. ಭತ್ತದ್ದು ವಿಚಿತ್ರ. ಭತ್ತದ ಗಿಡ ಸ್ವತಃ ಬಹಳ ಕುಡಿಯುವುದಿಲ್ಲ. ಜೋಳಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೆ ಕೆಸರು ಮಾಡುವುದಕ್ಕೆ, ಮಡಿಯಲ್ಲಿ ನೀರು ನಿಲ್ಲಿಸುವುದಕ್ಕೆ, ನಿಂತ ನೀರು ಹಗಲಿರುಳೂ ಕೆಳಗೆ ಇಂಗುವುದಕ್ಕೆ ಎಲ್ಲ ಸೇರಿ ಸಾವಿರ ಮಿಲಿಮೀಟರನ್ನು ಸುಲಭವಾಗಿ ದಾಟುತ್ತದೆ.

ಪತ್ರಿಕೆಗಳಲ್ಲಿ ದಿನವೂ ಕಾಣುವ ಟಿ.ಎಂ.ಸಿ.ಗೆ ಇದನ್ನು ಹೊಂದಿಸೋಣ. ಒಂದು ಟಿ.ಎಂ.ಸಿ. ನೀರು ಸುಮಾರು 23,000 ಎಕರೆಯ ಮೇಲೆ ಒಂದಡಿ ನಿಲ್ಲುತ್ತದೆ. ನಾಲ್ಕಡಿ ಬೇಡುವ ಭತ್ತವಾದರೆ ಅದರಿಂದ 5,700 ಎಕರೆ ಬೆಳೆಯಬಹುದು. ಒಂದೂವರೆ ಅಡಿಯ ಜೋಳವಾದರೆ 15,000 ಎಕರೆ. ನಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇಲ್ಲಿಯೇ ಇದೆ.

ತುಂಗಭದ್ರೆಯ ಎಡದಂಡೆ ಕಾಲುವೆ ಮುನಿರಾಬಾದಿನ ಬಳಿ ಹೊರಟು ಗಂಗಾವತಿ, ಸಿಂಧನೂರುಗಳನ್ನು ಹಾದು ಮಾನ್ವಿ, ರಾಯಚೂರಿನತ್ತ ಸಾಗುತ್ತದೆ. ಬರದ ಸೀಮೆಯ ಆದಷ್ಟು ಹೆಚ್ಚು ಹೊಲಗಳಿಗೆ ಸ್ವಲ್ಪಸ್ವಲ್ಪವಾದರೂ ನೀರು ಮುಟ್ಟಲೆಂಬುದು ಆ ಯೋಜನೆಯ ಉದ್ದೇಶ. ಆದುದರಿಂದ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಶೇಂಗಾ, ಹತ್ತಿಯಂಥ ಹಗುರ ಬೆಳೆಗಳಿಗೆಂದು ಗೊತ್ತುಮಾಡಿ, ಅದಕ್ಕೆ ತಕ್ಕಂತೆ ಕಾಲುವೆಯ ಅಳತೆಯನ್ನು ಇಟ್ಟರು. ಆದರೆ ಮೇಲ್ಭಾಗದಲ್ಲಿ ಭತ್ತ ಬಂತು. ಗಂಗಾವತಿ, ಸಿಂಧನೂರುಗಳು ಅಕ್ಕಿಗೆ ಹೆಸರಾದವು. ಮೇಲ್ಭಾಗದ ರೈತನನ್ನು ಬಯ್ದು ಫಲವಿಲ್ಲ. ಭತ್ತಕ್ಕೆ ಗಿರಾಕಿ ಖಚಿತ. ಅಲ್ಲದೆ ಪಕ್ಕದ ಮಡಿಯಲ್ಲಿ ನೀರು ನಿಂತು ತನ್ನ ಹೊಲವೂ ಜವುಗಾದರೆ ಅಲ್ಲಿ ಜೋಳವನ್ನು ಬಿತ್ತುವುದಾದರೂ ಹೇಗೆ? ಇತ್ತ ಹೂಳು ತುಂಬಿ, ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ 105ರ ಸುಮಾರಿಗೆ ಇಳಿಯಿತು. ಕೆಳಭಾಗದ ತೂಬಿಗೆ ಉಳಿಯುವುದೇನು?

ಈ ತೊಡಕನ್ನು ಮೊದಲೇ ಕಂಡವರು ವಿಶ್ವೇಶ್ವರಯ್ಯನವರು. ಅವರು ಪುಣೆಗೆ ಹೋಗುವ ಮುಂಚೆ ನಮ್ಮ ಸೂರತ್ತಿನಲ್ಲಿಯೂ ಇಂಜಿನಿಯರಾಗಿದ್ದರೆಂಬುದು ಗುಜರಾತಿನ ಕನ್ನಡಿಗರಾದ ನಮಗೆ ಒಂದು ಹೆಮ್ಮೆ. 1899ರಲ್ಲಿ ಮುಂಬಯಿ ಪ್ರಾಂತದ ಕಾಲುವೆಗಳಿಗಾಗಿ ಅವರು ಬ್ಲಾಕ್ ಪದ್ಧತಿಯನ್ನು ಸೂಚಿಸಿದರು. ಒಂದು ಬ್ಲಾಕಿನಲ್ಲಿ ಕಬ್ಬಿನಂಥ ಬೆಳೆಗೆ ಒಂದು ಪಾಲು ಮಾತ್ರ; ಉಳಿದುದರಲ್ಲಿ ಕಡಿಮೆ ನೀರಿನ ಬೆಳೆ; ಸರದಿಯಂತೆ ಜಾಗ ಬದಲು. ಬೆಳೆಯ ಲೆಕ್ಕವನ್ನು ಕಾಗದದಿಂದ ಹೊಲಕ್ಕೆ ಇಳಿಸುವ ಉಪಾಯವದು. ಮುಂದೆ ಮಂಡ್ಯದ ಕಾಲುವೆಯ ಬಯಲಿಗೂ ಅದು ಬಂತು.

ನಮ್ಮ ನೆರೆಯ ನರ್ಮದೆಯ ಲೆಕ್ಕ ಇನ್ನೂ ಬಿಗಿ. 1979ರ ತೀರ್ಪಿನಂತೆ ಗುಜರಾತಿನ ಪಾಲು 90 ಲಕ್ಷ ಎಕರೆ-ಅಡಿ. ಅಚ್ಚುಕಟ್ಟು ಸುಮಾರು 18 ಲಕ್ಷ ಹೆಕ್ಟೇರ್, ಎಂದರೆ 44 ಲಕ್ಷ ಎಕರೆಯ ಮೇಲೆ. ಎಲ್ಲ ನೀರನ್ನೂ ಹೊಲಕ್ಕೇ ಸುರಿದರೂ ಎರಡಡಿ. ಕುಡಿಯುವುದಕ್ಕೂ ಕಾರ್ಖಾನೆಗಳಿಗೂ ತೆಗೆದಿಟ್ಟರೆ ಇಪ್ಪತ್ತೊಂದು ಅಂಗುಲದ ಆಸುಪಾಸು. ಕಾಲುವೆಯಲ್ಲಿ ಸೋರುವುದೂ ಇದರೊಳಗೇ ಸೇರಬೇಕು. ಆದುದರಿಂದಲೇ ರೈತರ ಸಂಘಗಳಿಗೆ ನೀರನ್ನು ಅಳೆದು ಕೊಡಬೇಕೆಂದು ಅಲ್ಲಿ ಮೊದಲಿನಿಂದ ಯೋಚಿಸಿದ್ದರು. ಆದರೂ ಕಾಲುವೆಯ ದಂಡೆಯಲ್ಲಿ ಪಂಪುಗಳನ್ನಿಟ್ಟು ನೀರೆತ್ತುವುದು ಸಾಮಾನ್ಯ ನೋಟ. ಆ ಪಂಪುಗಳಿಗೆ ಅಳತೆಯಿಲ್ಲ. ಮುಖ್ಯ ಕಾಲುವೆ ವಡೋದರಾ ಜಿಲ್ಲೆಯನ್ನು ಹಾದು, ಮಹೀ ನದಿಯನ್ನು ದಾಟಿ, 458 ಕಿಲೋಮೀಟರ್ ದೂರದ ರಾಜಸ್ಥಾನದ ಗಡಿಯವರೆಗೆ ಹೋಗಬೇಕಾಗಿದೆ. ಅಲ್ಲಿ ಕಚ್ಛ, ಬನಾಸಕಾಂಠಾಗಳ ಕಡೆ, ಮಾನ್ವಿಯ ನಮ್ಮ ಅಣ್ಣತಮ್ಮಂದಿರಂತೆಯೇ, ತೂಬಿನತ್ತ ಕಣ್ಣಿಟ್ಟು ಕೂತವರಿದ್ದಾರೆ.