ಅರಳುಮರಳೋ? ಗುಳಿಗೆಯ ಮರುಳೋ?

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ತಿಪ್ಪೆಯ ಮಗ್ಗುಲಲ್ಲಿ, ಹಾಳುಗೋಡೆಯ ಬುಡದಲ್ಲಿ ಯಾರೂ ಬಿತ್ತದೆ ಬೆಳೆಯುವ ಗಿಡವೊಂದುಂಟು. ತುತ್ತೂರಿಯಂಥ ಹೂವು, ಮೈಯೆಲ್ಲ ಮುಳ್ಳಾದ ಕಾಯಿ. ಶಿವರಾತ್ರಿಯಂದು ಇದರ ಹೂವು ಶಿವನ ಮುಡಿಗೇರುತ್ತದೆ; ಉಳಿದ ದಿನಗಳಲ್ಲಿ ದನವೂ ಇದಕ್ಕೆ ಬಾಯಿ ಹಾಕಲು ಹಿಂಜರಿಯುತ್ತದೆ. ದತ್ತೂರಿ, ಮದಗುಣಿಕೆ, ಉಮ್ಮತ್ತ ಎಂದು ಇದಕ್ಕೆ ಹಲವು ಹೆಸರು. ಉಮ್ಮತ್ತವೆಂದರೆ ಉನ್ಮತ್ತವೇ. ಗಿಡದ ಗುಣವನ್ನು ಹಿರಿಯರು ಹೆಸರಿನಲ್ಲಿಯೇ ಬರೆದಿಟ್ಟಿದ್ದಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ದಾರಿಗಳ್ಳರು ಪ್ರಯಾಣಿಕರ ಊಟದಲ್ಲಿ ಇದರ ಬೀಜ ಬೆರೆಸಿ ದೋಚುತ್ತಿದ್ದರು. ಹಲವರು ಪ್ರಾಣವನ್ನೇ ಕಳೆದುಕೊಂಡರು. ಬದುಕಿ ಎದ್ದವನಿಗೆ ತನ್ನ ಊರು, ಹೆಸರು ಮರಳಿ ನೆನಪಾಗುತ್ತಿದ್ದವು. ನಡೆದುದು ಏನೆಂಬುದು ಮಾತ್ರ ಎಷ್ಟೋ ವೇಳೆ ನೆನಪಿಗೆ ಬಾರದು.

ಇದರ ಮರ್ಮವೇನು? ಮೆದುಳಿನ ನರಕೋಶಗಳು ಒಂದರೊಡನೊಂದು ರಾಸಾಯನಿಕಗಳ ಮೂಲಕ ಮಾತನಾಡುತ್ತವೆ. ಅಸಿಟೈಲ್‌ಕೋಲಿನ್ ಅಂಥ ಒಂದು ದೂತ. ಅದನ್ನು ಬರಮಾಡಿಕೊಳ್ಳಲು ಕೋಶದ ಮೇಲೆ ಗ್ರಾಹಕಗಳಿವೆ. ದೂತನು ಕೀಲಿಕೈಯಾದರೆ ಗ್ರಾಹಕವೇ ಬೀಗ. ದತ್ತೂರಿಯಲ್ಲಿರುವ ಸ್ಕೊಪೊಲಮಿನ್ ಈ ಬೀಗದಲ್ಲಿ ಹೊಕ್ಕು ಕೂಡುತ್ತದೆ, ಆದರೆ ತಿರುಗುವುದಿಲ್ಲ. ನಿಜವಾದ ಕೀಲಿಕೈ ಹೊರಗೇ ನಿಲ್ಲುತ್ತದೆ. ಆಗ ಹೊಸದು ಮನಸ್ಸಿನಲ್ಲಿ ಅಚ್ಚೊತ್ತುವುದಿಲ್ಲ. ಹಳೆಯ ನೆನಪಿನ ಕಣಜ ಬಹುಮಟ್ಟಿಗೆ ಹಾಗೆಯೇ ಉಳಿದಿದ್ದರೂ ಹೊಸ ಕಾಳು ಒಳಗೆ ಬೀಳದು.

1974ರಲ್ಲಿ ಅಮೆರಿಕದ ಡ್ರಾಕ್ಮನ್ ಮತ್ತು ಲೆವಿಟ್ ಎಂಬ ಸಂಶೋಧಕರು ಆರೋಗ್ಯವಂತ ತರುಣರಿಗೆ ಸ್ಕೊಪೊಲಮಿನ್ ಕೊಟ್ಟು ಪರೀಕ್ಷಿಸಿದರು. ಆಗತಾನೆ ಕೇಳಿದ ಅಂಕಿಗಳನ್ನು ತರುಣರು ತಿರುಗಿ ಹೇಳಬಲ್ಲವರಾಗಿದ್ದರು. ಹೊಸ ಸಂಗತಿಗಳನ್ನು ಕಲಿತು ಉಳಿಸಿಕೊಳ್ಳಲು ಮಾತ್ರ ತಡವರಿಸಿದರು. ಅವರ ಮರೆವು ಮುದುಕರ ಮರೆವನ್ನು ಹೋಲುತ್ತಿತ್ತು!

ಇದು ಪ್ರಯೋಗಶಾಲೆಯ ಕೌತುಕವಷ್ಟೇ ಅಲ್ಲ. ನೆಗಡಿ, ತುರಿಕೆಗಳಿಗೆ ಕೊಡುವ ಕ್ಲೋರ್‌ಫೆನಿರಮಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಖಿನ್ನತೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಇವೆಲ್ಲವೂ ಹೆಚ್ಚು ಕಡಿಮೆ ಅದೇ ಬೀಗಕ್ಕೆ ಅಡ್ಡ ಬರುವಂಥವು. ತರುಣರ ಮೈ ತಡೆದುಕೊಂಡೀತು. ಇಳಿವಯಸ್ಸಿನ ಮೆದುಳಿಗೆ ಅದು ಭಾರ. ಎರಡು ಮೂರು ಗುಳಿಗೆ ಕೂಡಿದರಂತೂ ಭಾರವೂ ಕೂಡುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು, ಮೂತ್ರ ಕಟ್ಟುವುದು ಇದರ ಸುಳಿವುಗಳು.

ಒಲೆಯ ಮೇಲಿಟ್ಟ ಹಾಲನ್ನು ಅಜ್ಜಿ ಮರೆತರೆ, ಬೆಳಿಗ್ಗೆ ಬಂದುಹೋದ ಬೀಗರನ್ನು ಸಂಜೆಗೆ ‘ಬಂದಿದ್ದರೇ?’ ಎಂದು ಕೇಳಿದರೆ, ‘ಅರವತ್ತಕ್ಕೆ ಅರಳುಮರಳು’ ಎಂದು ಮನೆಯವರು ಕೈಚೆಲ್ಲುವುದುಂಟು. ಆಲ್ಜೈಮರ್‌ ಕಾಯಿಲೆಯ ಮರೆವಿಗೆ ಕೊಡುವ ಡೊನೆಪೆಜಿಲ್ ಅಸಿಟೈಲ್‌ಕೋಲಿನನ್ನು ಬೇಗ ನಾಶವಾಗದಂತೆ ಕಾಯುತ್ತದೆ. ಒಂದು ಗುಳಿಗೆ ದೂತನನ್ನು ಕಾಯುತ್ತಿರುವಾಗ ಇನ್ನೊಂದು ಬಾಗಿಲು ಹಾಕಿದರೆ ಫಲವೇನು?

ಆದ್ದರಿಂದ ಮರೆವು ಹೊಸದಾಗಿ ಕಾಣಿಸಿಕೊಂಡಾಗ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿಕೊಂಡು ವೈದ್ಯರ ಮುಂದಿಡಬೇಕು. ತಾವಾಗಿಯೇ ಥಟ್ಟನೆ ನಿಲ್ಲಿಸುವುದು ಅಪಾಯ. ಮರೆವೆಲ್ಲವೂ ಗುಳಿಗೆಯಿಂದ ಬಂದುದಲ್ಲ. ಆದರೆ ಗುಳಿಗೆಯಿಂದ ಬಂದ ಮರೆವು ಎಷ್ಟೋ ವೇಳೆ ಗುಳಿಗೆಯೊಡನೆಯೇ ಹೊರಟುಹೋಗುತ್ತದೆ. ಅಜ್ಜಿಗೆ ಬೀಗರ ಮಾತುಕತೆ ಮತ್ತೆ ನೆನಪಿನಲ್ಲಿ ಉಳಿದೀತು.